ಒಂದೇ ಪಂದ್ಯಕ್ಕೆ ಎರಡು ಥರದ ಪರದೆ

ಗುಂಡ್ಲುಪೇಟೆಯ ಆ ಕಲ್ಯಾಣ ಮಂಟಪದಲ್ಲಿ ಹಿಂದಿನ ದಿನ ಮದುವೆ ನಡೆದಿತ್ತು. ಹೂವಿನ ಅಲಂಕಾರವನ್ನು ಕಿತ್ತು ಹಾಕಿದ್ದರೂ ವಧೂವರರು ಕೂರುವ ಕೆಂಪು ಮಖಮಲ್ಲಿನ ಕುರ್ಚಿಗಳು ವೇದಿಕೆಯ ಮೇಲೇ ಉಳಿದಿದ್ದವು. ಸಂಘಟಕರು ಫೈನಲ್ ಪಂದ್ಯದ ಇಬ್ಬರು ಸ್ಪರ್ಧಿಗಳನ್ನು ಅವುಗಳ ಮೇಲೆಯೇ ಕೂರಿಸಿದರು. ಸಾಧಾರಣ ಕುರ್ಚಿ ಕೊಡಿ ಎಂದು ನಾನು ಕೇಳಿದ್ದಕ್ಕೆ, ಇದಕ್ಕಿಂತ ಒಳ್ಳೆಯ ಕುರ್ಚಿ ಜಿಲ್ಲೆಯಲ್ಲೇ ಸಿಗುವುದಿಲ್ಲ ಎಂದರು. ಅದರಲ್ಲಿ ಕೂತರೆ ಮೊಣಕೈ ಮೇಜಿಗೆ ಎಟುಕುತ್ತಿರಲಿಲ್ಲ. ಕೂತವರ ಕೈಗೆ ಕೆಲಸವಿರುತ್ತದೆ ಎಂಬುದು ಅವರ ತಲೆಗೆ ಹೊಳೆದಿರಲಿಲ್ಲ. ಅವರು ಅಲ್ಲಿಯವರೆಗೆ ಕೂರಿಸಿದ್ದೆಲ್ಲ ಸುಮ್ಮನೆ ತಲೆಬಾಗಿಸಿ ಅಕ್ಷತೆ ಹಾಕಿಸಿಕೊಳ್ಳುವವರನ್ನು.

ನಾನು ಚಾಮರಾಜನಗರದ ಒಂದು ಖಾಸಗಿ ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಕಲಿಸುತ್ತೇನೆ. ಜಿಲ್ಲೆಯ ಕಾಲೇಜುಗಳ ನಡುವೆ ಗೇಮಿಂಗ್ ಪಂದ್ಯಾವಳಿ ನಡೆಸುತ್ತೇವೆ, ನೀವು ತಾಂತ್ರಿಕ ರೆಫರಿ ಆಗಬೇಕು ಎಂದು ಈ ಸಂಘಟಕರು ನಮ್ಮ ಪ್ರಾಂಶುಪಾಲರ ಮೂಲಕ ಹೇಳಿಸಿದಾಗ ಒಪ್ಪಿಕೊಂಡಿದ್ದೆ. ಶಾಮಿಯಾನ, ಮೈಕು, ಆರ್ಕೆಸ್ಟ್ರಾ ಒದಗಿಸುವುದು ಅವರ ಕಸುಬು. ಕಂಪ್ಯೂಟರನ್ನೂ ಅವರು ಒಂದು ಥರದ ಮೈಕು ಎಂದೇ ಭಾವಿಸಿದ್ದರು. ವೈರ್ ಸಿಗಿಸಿದರೆ ಆಯಿತು, ಉಳಿದದ್ದು ಅದೇ ಮಾಡಿಕೊಳ್ಳುತ್ತದೆ.

ಫೈನಲ್ ತಲುಪಿದ್ದವರು ಇಬ್ಬರು. ಒಬ್ಬಳು ಉಮ್ಮತ್ತೂರಿನ ಹುಡುಗಿ, ಬಿ.ಕಾಂ. ಕೊನೆಯ ವರ್ಷ. ಅವಳ ತಾಯಿ ಬದನಗುಪ್ಪೆಯ ಒಂದು ಕಾರ್ಖಾನೆಯಲ್ಲಿ ದುಡಿಯುತ್ತಿದ್ದರು. ಪರೀಕ್ಷೆ ಮುಗಿದ ಕೂಡಲೇ ಮಗಳಿಗೂ ಅಲ್ಲೇ ಕೆಲಸವೆಂದು ಮಾತಾಗಿತ್ತು. ಹಾಗಾಗಿ ಅವಳ ಪಾಲಿಗೆ ಉಳಿದಿದ್ದು ಇದೊಂದೇ ಪಂದ್ಯಾವಳಿ. ಇನ್ನೊಬ್ಬ ಭೀಮನಬೀಡಿನ ಹುಡುಗ, ಚೆಂಡುಹೂವು ಬೆಳೆಯುವವರ ಮಗ. ಮನೆಯಲ್ಲಿ ಒಳ್ಳೆಯ ಗೇಮಿಂಗ್ ಮಾನಿಟರ್ ಇಟ್ಟುಕೊಂಡಿದ್ದ ಅವನು, ಅರವತ್ತು ಹರ್ಟ್ಸ್‌ನ ನಿಧಾನದ ಪರದೆಯಲ್ಲಿ ಆಡುವವರು ಆಟಗಾರರೇ ಅಲ್ಲ ಎಂದು ಬೆಳಗಿನಿಂದ ಮೂರು ಜನರ ಹತ್ತಿರವಾದರೂ ಹೇಳಿದ್ದ. ಗೆದ್ದವರು ರಾಜ್ಯ ಮಟ್ಟದ ಆಯ್ಕೆಗೆ ಹೋಗುವವರಿದ್ದರು.

ಆಟ ಸರಳ. ಮಬ್ಬುಗತ್ತಲೆಯ ಗೋದಾಮೊಂದರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹುಡುಕಬೇಕು. ಮೊದಲು ಕಂಡು ಮೊದಲು ಗುಂಡು ಹೊಡೆದವರಿಗೆ ಆ ಸುತ್ತು. ಮೊದಲು ಹತ್ತು ಸುತ್ತು ಗೆದ್ದವರಿಗೆ ಪಂದ್ಯ. ಇಂಥ ಆಟದಲ್ಲಿ ಕಣ್ಣಿಗೆ ಬೀಳುವ ಚಿತ್ರ ತುಸು ತಡವಾದರೂ ಮುಗಿಯಿತು. ಅದಕ್ಕೇ ನಾನು ಒಂದೇ ಮಾದರಿಯ ಎರಡು ಮಾನಿಟರ್ ಬೇಕೆಂದು ಮೊದಲೇ ಹೇಳಿದ್ದೆ. ಪ್ರಾಯೋಜಕರಾದ ಚಾಮರಾಜನಗರದ ಎಲೆಕ್ಟ್ರಾನಿಕ್ಸ್ ಅಂಗಡಿಯವರು ಒಪ್ಪಿದ್ದರು. ಬಂದದ್ದು ಒಂದು. ಇನ್ನೊಂದರ ಪರದೆ ದಾರಿಯಲ್ಲಿ ಬಿರುಕು ಬಿಟ್ಟಿತ್ತು. ಬೇರೆ ತರಿಸುವವರೆಗೆ ಕಾಯೋಣ ಎಂದು ಹೇಳಿ ನಾನು ಅಡುಗೆಮನೆಯ ಪಕ್ಕದ ಕೋಣೆಗೆ ನೆಟ್‌ವರ್ಕ್ ಸ್ವಿಚ್ ಸರಿಪಡಿಸಲು ಹೋದೆ. ವಾಪಸ್ಸು ಬರುವಷ್ಟರಲ್ಲಿ ಪಂದ್ಯ ಮುಗಿಯುತ್ತ ಬಂದಿತ್ತು. ಮುಖ್ಯ ಅತಿಥಿಗಳಿಗೆ ಬೇರೆ ಕಾರ್ಯಕ್ರಮವಿತ್ತಂತೆ. ಹುಡುಗನ ಮುಂದೆ ಹೊಸ ಮಾನಿಟರ್, ಹುಡುಗಿಯ ಮುಂದೆ ಬಾಗಿಲಗಲದ ಒಂದು ಟೀವಿ.

ನನ್ನ ಮುಖ ನೋಡಿ ಸಂಘಟಕರು ಹತ್ತಿರ ಬಂದರು. ಏನೋ ಉಪಕಾರ ಮಾಡಿದವರ ನಗು ಅವರ ಮುಖದ ಮೇಲಿತ್ತು. “ಎಣ್ಮಗು ಅಂತ ದೊಡ್ ಟೀವಿನೇ ಕೊಟ್ಟಿವ್ನಿ ಮೇಡಂ. ಆ ಹೈದಂದ ನೋಡಿ, ಎಷ್ಟಗಲ ಅದ?”

ಜನರೆಲ್ಲ ನೋಡುತ್ತಿದ್ದ ವೇದಿಕೆಯ ಮೇಲೆ ನಾನು ಪಂದ್ಯ ನಿಲ್ಲಿಸಿ ಎಂದೆ. ಮೈಕಿನವನು ನನ್ನ ಮಾತಿನ ಮೇಲೆಯೇ ಸ್ಕೋರು ಕೂಗಿದ. ಹುಡುಗ ಹತ್ತು, ಹುಡುಗಿ ಎರಡು. ಅತಿಥಿಗಳು ಹಾರ ಹಾಕಿ, ಡಿಜಿಟಲ್ ಯುಗದ ಬಗ್ಗೆ ನಾಲ್ಕು ಮಾತಾಡಿ ಹೊರಟರು. ನಾನು ಕಂಡಾಗೆಲ್ಲ ಅವರು ಮೊಬೈಲ್ ನೋಡುತ್ತಿದ್ದರು.

ಹುಡುಗಿ ಅಳಲಿಲ್ಲ. ಕೇಬಲ್ ಸುತ್ತುತ್ತಿದ್ದ ನನ್ನ ಬಳಿ ಬಂದು ನಿಂತಳು. “ಮೇಡಂ, ನಾನು ಮೌಸ್ ತಿರುಗ್ಸಿದ್ಮ್ಯಾಲೆ ಅದು ತಿರುಗ್ತದ. ನಾನು ಹೊಡಿಯೋ ಹೊತ್ಗ ಆಗ್ಲೇ ಸತ್ತೋಗಿರ್ತೀನಿ. ನಮ್ಮಾವನ ಫೋಟೋ ಸ್ಟುಡಿಯೋಲಿ ಹಳೇ ಡಬ್ಬ ಮಾನಿಟರ್ ಅದ, ನಾನು ಆಡಾದು ಅದ್ರಲ್ಲೇ. ಅದ್ರಲ್ಲೂ ಇಂಗಾಗಲ್ಲ.”

ಪಕ್ಕದಲ್ಲೇ ಇದ್ದ ಸಂಘಟಕರು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕರು. ಇಲ್ಲಿ ನೆಲ ನಿಜಕ್ಕೂ ಡೊಂಕಾಗಿತ್ತು, ಅದನ್ನು ಹಾಸಿದವರು ಅವರೇ. ನಾನು ಅಷ್ಟು ಹೇಳಿ, ಟೀವಿಯನ್ನು ಬಿಚ್ಚಬೇಡಿ ಎಂದೆ.

ರಿಫ್ರೆಶ್ ರೇಟ್ ಎಂದರೆ ಪರದೆ ಒಂದು ಸೆಕೆಂಡಿಗೆ ಎಷ್ಟು ಸಲ ತನ್ನ ಚಿತ್ರವನ್ನು ಹೊಸದು ಮಾಡಿಕೊಳ್ಳುತ್ತದೆ ಎಂಬ ಲೆಕ್ಕ. ಅದರ ಅಳತೆ ಹರ್ಟ್ಸ್. ಸೆಟ್ಟಿಂಗ್ ತೆರೆದು ನೋಡಿದೆ. ಹುಡುಗನ ಮಾನಿಟರ್ ನೂರ ಅರವತ್ತೈದಕ್ಕೆ ಏರಿತ್ತು. ಕೂತ ಕೂಡಲೇ ಅವನೇ ಏರಿಸಿಕೊಂಡಿದ್ದ, ಅದರಲ್ಲಿ ತಪ್ಪೇನಿಲ್ಲ. ಟೀವಿ ಅರವತ್ತರಲ್ಲಿತ್ತು. ಅಂದರೆ ಅವನು ಗೋಡೆಯ ಮರೆಯಿಂದ ಹೊರಬರುವ ಎದುರಾಳಿಯ ಎರಡು ಮೂರು ಚಿತ್ರ ನೋಡುವಷ್ಟರಲ್ಲಿ ಅವಳಿಗೆ ಒಂದು ಸಿಗುತ್ತಿತ್ತು. ಟೀವಿ ತಂದಿದ್ದ ಅಂಗಡಿಯವರೂ ಅಲ್ಲೇ ಇದ್ದರು, ಅದರ ಪೆಟ್ಟಿಗೆ ಎತ್ತಿ ತೋರಿಸಿದರು. ಅದರ ಮೇಲೆ 240 ಎಂದು ದಪ್ಪಕ್ಷರದಲ್ಲಿತ್ತು. ಇನ್ನೂರ ನಲವತ್ತು ದೊಡ್ಡದೋ ನೂರ ಅರವತ್ತೈದು ದೊಡ್ಡದೋ ಎಂದು ನನ್ನನ್ನೇ ಕೇಳಿದರು. ಪೆಟ್ಟಿಗೆಯ ಮೇಲೆ ಸೇಬಿನ ಚಿತ್ರವಿದ್ದರೆ ಒಳಗೂ ಸೇಬೇ ಇದೆ ಎಂದು ಇವರು ವ್ಯಾಪಾರ ಮಾಡುತ್ತಾರೆ. ಆ ಇನ್ನೂರ ನಲವತ್ತು ನಿಜವಾದ ಚಿತ್ರಗಳ ಲೆಕ್ಕವಲ್ಲ. ಎರಡು ಚಿತ್ರಗಳ ನಡುವೆ ಟೀವಿ ತಾನೇ ಊಹಿಸಿ ಒಂದಷ್ಟನ್ನು ತುಂಬುತ್ತದೆ. ಸಿನಿಮಾ ನೋಡುವವರಿಗೆ ನುಣುಪಾಗಿ ಕಾಣಲಿ ಎಂದು ಮಾಡುವ ಶೃಂಗಾರ ಅದು. ಆದರೆ ನಡುವಿನದನ್ನು ಊಹಿಸಬೇಕಾದರೆ ಮುಂದಿನದು ಬರುವವರೆಗೆ ಕಾಯಬೇಕು. ಕಾದಷ್ಟು ಹೊತ್ತು ಆಟಗಾರ ಹಿಂದೆ ಬೀಳುತ್ತಾನೆ.

ಎಷ್ಟು ಹಿಂದೆ ಎಂದು ತಿಳಿಯಲು ಒಂದು ಕಂಪ್ಯೂಟರಿನಿಂದ ಮಾನಿಟರಿಗೂ ಟೀವಿಗೂ ಒಂದೇ ಚಿತ್ರ ಹೋಗುವಂತೆ ಎರಡು ಕೇಬಲ್ ಎಳೆದೆ. ಎರಡರ ಮೇಲೂ ಒಂದೇ ಸ್ಟಾಪ್‌ವಾಚ್ ಓಡತೊಡಗಿತು. ನನ್ನ ಮೊಬೈಲಿನ ಸ್ಲೋಮೋಷನ್‌ನಲ್ಲಿ ಎರಡೂ ಪರದೆ ಒಟ್ಟಿಗೆ ಬರುವಂತೆ ಚಿತ್ರೀಕರಿಸಿ, ಒಂದೊಂದೇ ಚಿತ್ರ ನಿಲ್ಲಿಸಿ ನೋಡಿದೆ. ಹೀಗೆ ಜೋಡಿಸಿದಾಗ ಎರಡೂ ಅರವತ್ತರಲ್ಲೇ ಓಡುತ್ತಿದ್ದವು. ಆದರೂ ಟೀವಿಯ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹಿಂದಿತ್ತು. ಹುಡುಗಿ ನೋಡುತ್ತಿದ್ದುದು ಆಗಿ ಹೋದ ಆಟವನ್ನು.

ಅಷ್ಟರಲ್ಲಿ ಗೆದ್ದ ಹುಡುಗ ಹಾರದ ಸಮೇತ ಬಂದ. ಮರುಪಂದ್ಯ ಎಂಬ ಮಾತು ಅವನ ಕಿವಿಗೆ ಬಿದ್ದಿತ್ತು.

“ಗೆದ್ದಿರೋದ್ನ ನಾನ್ಯಾಕ್ ಬುಟ್ಕೊಡ್ಲಿ ಮೇಡಂ?”

ಬಿಟ್ಟುಕೊಡಬೇಡ, ಐದು ನಿಮಿಷ ಟೀವಿ ಮುಂದೆ ಕೂತು ಆಡು ಎಂದೆ. ಅವನಿಗೆ ಎದುರಾಗಿ ಮಾನಿಟರ್ ಮುಂದೆ ಹುಡುಗಿಯನ್ನು ಕೂರಿಸಿದೆ. ಮೊದಲ ಸುತ್ತು ಸೋತಾಗ ನಕ್ಕ. ಎರಡನೆಯದಕ್ಕೆ ಮೌಸ್ ಎತ್ತಿ ಅದರ ಹೊಟ್ಟೆ ಒರೆಸಿದ. ನಾಲ್ಕನೆಯದು ಸೋತಾಗ ಮೌಸನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹಾರ ತೆಗೆದ. “ಇದ್ರಲ್ಲಿ ಎರಡ್ ರೌಂಡ್ ಒಡ್ದಿದ್ದಾಳಲ್ಲ, ಅದೇ ದೊಡ್ದು,” ಎಂದು ಹುಡುಗಿಯ ಕಡೆ ನೋಡದೆ ಹೇಳಿದ. ಆ ದಿನ ಆ ಮಂಟಪದಲ್ಲಿ ನನಗೆ ಕೇಳಿಸಿದ ಏಕೈಕ ಬುದ್ಧಿವಂತಿಕೆಯ ಮಾತು ಅದು. ಬೆಳಗಿನಿಂದ ಅವನ ಬಗ್ಗೆ ಇಟ್ಟುಕೊಂಡಿದ್ದ ಅಭಿಪ್ರಾಯವನ್ನು ಸ್ವಲ್ಪ ಸಡಿಲಿಸಿದೆ.

ನಾನು ಫಲಿತಾಂಶವನ್ನು ಒಪ್ಪಲಿಲ್ಲ. ಮುಂದಿನ ಶನಿವಾರ ಚಾಮರಾಜನಗರದಲ್ಲಿ ಬಹುಮಾನ ವಿತರಣೆಯಿತ್ತು. ಅದೇ ದಿನ ಬೆಳಿಗ್ಗೆ ನಮ್ಮ ಲ್ಯಾಬಿನಲ್ಲಿ ಮರುಪಂದ್ಯ ಎಂದು ಹೇಳಿ ಬಸ್ಸು ಹತ್ತಿದೆ. ಬಸ್ಸು ಊರು ದಾಟುವ ಮೊದಲೇ ಸಂಘಟಕರು ಪ್ರಾಂಶುಪಾಲರಿಗೆ ಫೋನ್ ಮಾಡಿದ್ದರು. ಮಾರನೇ ದಿನ ಪ್ರಾಂಶುಪಾಲರು ನನ್ನನ್ನು ಕರೆದು, ಆಟ ತಾನೇ, ಇಷ್ಟೊಂದು ಎಳೆಯಬೇಕೇ ಎಂದರು. ಪರೀಕ್ಷೆಯಲ್ಲಿ ಒಬ್ಬರಿಗೆ ಪ್ರಶ್ನೆಪತ್ರಿಕೆ ತಡವಾಗಿ ಕೊಟ್ಟು, ಪರೀಕ್ಷೆ ತಾನೇ ಎನ್ನುತ್ತೀರಾ ಎಂದು ಕೇಳಿದೆ. ಅವರು ಕಾಫಿ ತರಿಸಿದರು.

ಸೋಮವಾರ ಪ್ರಾಯೋಜಕರ ಅಂಗಡಿಗೆ ಹೋದೆ. ಅಲ್ಲೊಂದು ಗೇಮಿಂಗ್ ಮೂಲೆ ಮಾಡಿದ್ದರು. ಕೆಂಪು ದೀಪ, ಕಪ್ಪು ಗೋಡೆ, “165ರ ಅನುಭವ ಪಡೆಯಿರಿ” ಎಂಬ ಬೋರ್ಡು. ಸಾಲಾಗಿ ನಾಲ್ಕು ಮಾನಿಟರ್‌ಗಳಲ್ಲಿ ಕಾರುಗಳು ಓಡುತ್ತಿದ್ದವು. ಮಾರಾಟದವನು ತಂದೆ ಮಗನಂತೆ ಕಾಣುತ್ತಿದ್ದ ಇಬ್ಬರಿಗೆ, ಹೆಂಗೆ ಬೆಣ್ಣೆ ಥರ ಹೋಗುತ್ತೆ ನೋಡಿ ಎಂದು ತೋರಿಸುತ್ತಿದ್ದ. ಅವರೂ ವ್ಯತ್ಯಾಸ ಕಂಡವರ ಹಾಗೆ ತಲೆಯಾಡಿಸುತ್ತಿದ್ದರು. ನಾನು ಮೌಸ್ ಹಿಡಿದು ಸೆಟ್ಟಿಂಗ್ ತೆರೆದೆ. ಅರವತ್ತು. ಪಕ್ಕದ್ದು, ಅದೂ ಅರವತ್ತು. ನಾಲ್ಕೂ ಅರವತ್ತು. ಮಾನಿಟರ್ ಎಷ್ಟೇ ವೇಗದ್ದಿರಲಿ, ಸಿಗಿಸಿದ ಮೇಲೆ ಸೆಟ್ಟಿಂಗಿನಲ್ಲಿ ಹೋಗಿ ಏರಿಸದಿದ್ದರೆ ಅನೇಕ ಸಲ ಅರವತ್ತರಲ್ಲೇ ಉಳಿದುಬಿಡುತ್ತದೆ. ಮೂಲೆ ಉದ್ಘಾಟನೆಯಾದ ದಿನದಿಂದ ಅಲ್ಲಿ ಯಾರಿಗೂ ನೂರ ಅರವತ್ತೈದರ ಅನುಭವ ಆಗಿರಲಿಲ್ಲ. ಆಗಿಲ್ಲವೆಂದು ಯಾರಿಗೂ ಅನ್ನಿಸಿರಲೂ ಇಲ್ಲ. ಮಾಲೀಕರಿಗೆ ತೋರಿಸಿದೆ. ಕಸ್ಟಮರ್ ಮುಂದೆ ಯಾಕೆ ಮೇಡಂ ಎಂದು ನನ್ನನ್ನು ಒಳಗೆ ಕರೆದುಕೊಂಡು ಹೋದರು.

ಒಳಗೆ ಅವರು ಮೊದಲು ಸೂಚಿಸಿದ ಪರಿಹಾರ ಟಾಸ್. ಇಬ್ಬರ ನಡುವೆ ನಾಣ್ಯ ಚಿಮ್ಮಿಸಿ, ಗೆದ್ದವರು ಬೇಕಾದ ಪರದೆ ಆರಿಸಿಕೊಳ್ಳಲಿ, ಟೀವಿಯನ್ನು ಬೇಕಾದರೆ ಗೇಮ್ ಮೋಡಿಗೆ ಹಾಕೋಣ ಎಂದರು. ಗೇಮ್ ಮೋಡ್ ಎಂಬುದು ಶೃಂಗಾರವನ್ನೆಲ್ಲ ಬದಿಗಿಟ್ಟು ಬಂದ ಚಿತ್ರವನ್ನು ನೇರವಾಗಿ ತೋರಿಸುವ ವ್ಯವಸ್ಥೆ. ಅಂಗಡಿಗೆ ವಾಪಸ್ಸು ಬಂದಿದ್ದ ಆ ಟೀವಿಗೆ ಅಲ್ಲೇ ಹಾಕಿ ಅಳೆದೆ, ವ್ಯತ್ಯಾಸವೇ ಕಾಣಲಿಲ್ಲ. ಕೈ ಚೆಲ್ಲುವಷ್ಟರಲ್ಲಿ ತಿಳಿಯಿತು, ಟೀವಿಯಲ್ಲಿ ಕೇಬಲ್ ಸಿಗಿಸುವ ಒಂದೊಂದು ಕಿಂಡಿಗೂ ಆ ಸೆಟ್ಟಿಂಗ್ ಬೇರೆ ಬೇರೆ ಇರುತ್ತದೆ, ನಾನು ಹಾಕಿದ್ದು ಖಾಲಿ ಕಿಂಡಿಗೆ. ಸರಿಯಾದದ್ದಕ್ಕೆ ಹಾಕಿದ ಮೇಲೆ ತಡ ಬಹಳಷ್ಟು ಇಳಿಯಿತು. ಆದರೆ ಆ ಟೀವಿ ಅರವತ್ತರ ಮೇಲೆ ಹೋಗುವಂಥದ್ದೇ ಅಲ್ಲ. ಕುಂಟುತ್ತಿದ್ದವನ ಕಾಲಿಗೆ ಚಪ್ಪಲಿ ಕೊಟ್ಟ ಹಾಗಾಯಿತು, ಓಟ ಇನ್ನೂ ಸಮವಾಗಲಿಲ್ಲ.

ಕೊನೆಗೆ ಅವರು ಎರಡು ಹೊಸ ಮಾನಿಟರ್ ಕೊಡಲು ಒಪ್ಪಿದರು. ಗುರುವಾರ ಅವು ನಮ್ಮ ಲ್ಯಾಬಿಗೆ ಬಂದವು. ಒಂದಕ್ಕೆ ಡಿಸ್‌ಪ್ಲೇ ಪೋರ್ಟ್ ಕೇಬಲ್ ಇತ್ತು, ಇನ್ನೊಂದಕ್ಕೆ ಎಚ್‌ಡಿಎಂಐ ಮಾತ್ರ. ಆ ಕಿಂಡಿಯಲ್ಲಿ ಮಾನಿಟರ್ ನೂರ ನಲವತ್ತನಾಲ್ಕಕ್ಕೆ ನಿಂತುಬಿಡುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ, ಕೇಬಲ್ ಯಾವುದಾದರೇನು ಮೇಡಂ, ಚಿತ್ರ ಬರುತ್ತಿದೆಯಲ್ಲ ಎಂದರು. ನಮ್ಮಲ್ಲಿದ್ದ ಡಿಸ್‌ಪ್ಲೇ ಪೋರ್ಟ್ ಕೇಬಲ್ ಹುಡುಕಿ ಸಿಗಿಸಿ ಎರಡನ್ನೂ ನೂರ ಅರವತ್ತೈದಕ್ಕೆ ತಂದೆ. ಸ್ಟಾಪ್‌ವಾಚ್ ಸರಿಯಾಗಿ ಓಡಿತು. ಗೆದ್ದೆ ಅಂದುಕೊಂಡು ಆಟದ ಗೋದಾಮನ್ನು ತೆರೆದೆ.

ಕತ್ತಲೆಯ ಮೂಲೆಯಲ್ಲಿ ಒಂದು ಆಕೃತಿ ಓಡಿತು. ಒಂದು ಮಾನಿಟರಿನಲ್ಲಿ ಆಕೃತಿ ಮಾತ್ರ ಓಡಿತು. ಇನ್ನೊಂದರಲ್ಲಿ ಆಕೃತಿಯೂ ಅದರ ಹಿಂದೆ ಮಸಿಯ ಬಾಲವೂ ಓಡಿದವು, ಒದ್ದೆ ಬಟ್ಟೆಯಲ್ಲಿ ಸ್ಲೇಟು ಒರೆಸಿದ ಹಾಗೆ. ಪೆಟ್ಟಿಗೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮಾದರಿಯ ಹೆಸರು ಒಂದೇ, ಕೊನೆಯ ಒಂದಕ್ಷರ ಬೇರೆ. ಒಂದರೊಳಗೆ ಐಪಿಎಸ್ ಎಂಬ ಬಗೆಯ ಪರದೆ, ಇನ್ನೊಂದರಲ್ಲಿ ವಿಎ ಎಂಬ ಬಗೆಯದು. ಈ ವಿಎ ಪರದೆಯಲ್ಲಿ ಕಪ್ಪು ನಿಜಕ್ಕೂ ಕಪ್ಪಾಗಿ ಕಾಣುತ್ತದೆ, ಸಿನಿಮಾಕ್ಕೆ ಸೊಗಸು. ಆದರೆ ಇಂಥ ಬಹಳಷ್ಟು ಪರದೆಗಳಲ್ಲಿ ಚುಕ್ಕೆಗಳು ಕಪ್ಪಿನಿಂದ ಬೂದುಬಣ್ಣಕ್ಕೆ ಬರಲು ಸೋಮಾರಿತನ ಮಾಡುತ್ತವೆ. ಹಿಂದಿನ ಚಿತ್ರ ಅಳಿಯುವ ಮೊದಲೇ ಮುಂದಿನದು ಬಂದು ಕೂರುತ್ತದೆ. ಸೆಕೆಂಡಿಗೆ ನೂರ ಅರವತ್ತೈದು ಸಲ ಹೊಸ ಚಿತ್ರ ಕೊಟ್ಟರೂ ಬದಲಾಗಲು ಪರದೆ ತಯಾರಿಲ್ಲದಿದ್ದರೆ ಆ ಸಂಖ್ಯೆ ಪೆಟ್ಟಿಗೆಯ ಮೇಲಷ್ಟೇ ಇರುತ್ತದೆ.

ಆಗ ಹುಡುಗಿ ಹೇಳಿದ ಡಬ್ಬದ, ಅಂದರೆ ಹಿಂಭಾಗ ಉಬ್ಬಿದ ಹಳೇ ಗಾಜಿನ ಕೊಳವೆಯ ಮಾನಿಟರಿನ ನೆನಪಾಯಿತು. ನಮ್ಮ ಸ್ಟೋರಿನಲ್ಲೂ ಅಂಥದ್ದೊಂದು ಗುಜರಿಗೆ ಹೋಗಲು ಕಾಯುತ್ತಿತ್ತು. ಹಳೇ ಕಂಪ್ಯೂಟರಿಗೆ ಸಿಗಿಸಿ ಎಂಬತ್ತೈದು ಹರ್ಟ್ಸ್‌ಗೆ ಇಟ್ಟೆ. ಚಿತ್ರ ಸಣ್ಣದು, ಮೂಲೆಗಳಲ್ಲಿ ಡೊಂಕು. ಓಡುವ ಆಕೃತಿಗೆ ಮಾತ್ರ ಬಾಲವೇ ಇರಲಿಲ್ಲ. ಆ ಗಾಜಿನ ಕೊಳವೆಯಲ್ಲಿ ಚುಕ್ಕೆ ಹೊತ್ತಿ ಆ ಕ್ಷಣವೇ ಆರುತ್ತದೆ, ಹಳೆಯದು ಅಂಟಿಕೊಂಡಿರಲು ಜಾಗವೇ ಇಲ್ಲ. ಅಂಥ ಪರದೆಯಲ್ಲಿ ಕಣ್ಣು ಪಳಗಿಸಿಕೊಂಡವಳನ್ನು ಟೀವಿ ಮುಂದೆ ಕೂರಿಸಿ, ಹೆಣ್ಣುಮಗುವಿಗೆ ಉಪಕಾರ ಮಾಡಿದೆ ಅಂದಿದ್ದರು ಆ ಮಹಾನುಭಾವರು. ಇನ್ನೊಂದು ಡಬ್ಬ ಸಿಕ್ಕಿದ್ದರೆ ಪಂದ್ಯವನ್ನು ಅವುಗಳಲ್ಲೇ ಆಡಿಸುತ್ತಿದ್ದೆನೋ ಏನೋ. ಸಿಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಲ್ಯಾಬಿನಲ್ಲಿ ಅಕೌಂಟ್ಸ್ ತರಗತಿ ನಡೆಯುತ್ತಿತ್ತು. ನಾನು ಹಿಂದೆ ಕೂತು ನೋಡುತ್ತಿದ್ದೆ. ಎರಡು ಸಾಲು ಮಾನಿಟರ್, ಎಲ್ಲವೂ ಒಟ್ಟಿಗೆ ಕೊಂಡವು, ಒಂದೇ ಮಾದರಿ, ಅರವತ್ತು ಹರ್ಟ್ಸ್. ಲೆಕ್ಕ ಬರೆಯುವುದಕ್ಕೆ ಅದಕ್ಕಿಂತ ಹೆಚ್ಚು ಬೇಕಿಲ್ಲ. ಇಡೀ ವಾರ ನಾನೂ ಆ ಅಂಗಡಿಯವರ ಹಾಗೆಯೇ ದೊಡ್ಡ ಸಂಖ್ಯೆಯ ಹಿಂದೆ ಓಡಿದ್ದೆ. ಪಂದ್ಯಕ್ಕೆ ಬೇಕಾದದ್ದು ವೇಗವಲ್ಲ, ಇಬ್ಬರಿಗೂ ಒಂದೇ ಥರ ಕಾಣುವುದು. ತರಗತಿ ಮುಗಿದ ಮೇಲೆ ಎರಡನ್ನು ಆರಿಸಿ, ಒಂದೇ ಬೆಳಕು, ಒಂದೇ ಕೇಬಲ್, ಒಂದೇ ಸೆಟ್ಟಿಂಗಿಗೆ ತಂದು, ಗಡಿಯಾರ ಓಡಿಸಿ ಅಳೆದೆ. ಕತ್ತಲೆಯ ಮೂಲೆಯಲ್ಲಿ ಆಕೃತಿಯನ್ನೂ ಓಡಿಸಿದೆ. ಎರಡೂ ಒಂದೇ ಸಮ ಸಾಧಾರಣವಾಗಿದ್ದವು.

ಅಂಗಡಿಯವರು ಸಿಟ್ಟಾದರು. ನಾವು ಮಾರದ ಮಾನಿಟರಿನ ಮೇಲೆ ನಮ್ಮ ಬ್ಯಾನರ್ ಹೇಗೆ ಕಟ್ಟುವುದು ಎಂದರು. ಕಟ್ಟಬೇಡಿ ಎಂದೆ. ಭೀಮನಬೀಡಿನ ಹುಡುಗನಿಗೂ ಫೋನ್ ಮಾಡಿ ಹೇಳಿದೆ.

“ಅರ್ವತ್ರಲ್ಲಾ ಮೇಡಂ? ಅದ್ರಲ್ಲಿ ಆಡಾಕ್ ಆಯ್ತದಾ?”

ಅವಳಿಗೂ ಅದೇ ಅರವತ್ತು ಎಂದೆ. ಬೆಳಿಗ್ಗೆ ಬೇಗ ಬಂದು ಸ್ವಲ್ಪ ಹೊತ್ತು ಕೈ ಕೂರಿಸಿಕೊಳ್ಳಬಹುದೇ ಎಂದು ಕೇಳಿದ. ಇಬ್ಬರಿಗೂ ಆ ಅವಕಾಶ ಕೊಟ್ಟೆ. ಮಾರನೇ ಬೆಳಿಗ್ಗೆ ಅವಳು ಉಮ್ಮತ್ತೂರಿನ ಬಸ್ಸಿಳಿದು ಬರುವಷ್ಟರಲ್ಲಿ ಅವನು ಬಾಗಿಲಲ್ಲಿ ಕಾಯುತ್ತಿದ್ದ.

ಮರುಪಂದ್ಯಕ್ಕೆ ಪ್ರೇಕ್ಷಕರು ಹತ್ತಾರು ವಿದ್ಯಾರ್ಥಿಗಳು, ಪ್ರಾಂಶುಪಾಲರು ಮತ್ತು ಹೊಸ ಅಂಗಿ ತೊಟ್ಟಿದ್ದ ಸಂಘಟಕರು. ಹುಡುಗಿ ಮೊದಲ ಮೂರು ಸುತ್ತು ಬಾಚಿಕೊಂಡಳು. ಹುಡುಗ ತನ್ನ ಮನೆಯ ಪರದೆಯ ವೇಗಕ್ಕೆ ಒಗ್ಗಿದ್ದವನು, ಗುರಿ ದಾಟಿ ದಾಟಿ ಹೋಗುತ್ತಿದ್ದ. ಆಮೇಲೆ ಅವನು ಓಡುವುದನ್ನು ಬಿಟ್ಟ. ಗೋದಾಮಿನ ಮರದ ಪೆಟ್ಟಿಗೆಗಳ ಹಿಂದೆ ಕೂತು, ಅವಳು ಬರುವ ದಾರಿಯನ್ನು ಮೊದಲೇ ಊಹಿಸಿ ಕಾಯತೊಡಗಿದ. ಕಣ್ಣಿನ ವೇಗಕ್ಕಿಂತ ತಲೆಯ ಲೆಕ್ಕವನ್ನು ನಂಬಿ ಆಡಿದ. ಅವಳು ಹಟಕ್ಕೆ ಬಿದ್ದು ನೇರ ನುಗ್ಗಿದಳು. ಐದು ಐದು, ಏಳು ಏಳು, ಎಂಟು ಎಂಟು. ಲ್ಯಾಬಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಮೌಸಿನ ಸದ್ದು. ಕೊನೆಯ ಎರಡು ಸುತ್ತು ಅವನ ಪಾಲಾದವು. ಹತ್ತು ಎಂಟು.

ಸಂಘಟಕರು ಎದ್ದು ನಿಂತರು. ಇಡೀ ವಾರ ಈ ಗಳಿಗೆಗಾಗಿಯೇ ಅವರು ಕಾದಿದ್ದಂತಿತ್ತು. “ನೋಡಿ ಮೇಡಂ. ಅವತ್ತೂ ಅವ್ನೇ, ಇವತ್ತೂ ಅವ್ನೇ. ಸುಮ್ಕೆ ಎಲ್ಲಾರ್ಗೂ ಒಂದ್ವಾರ ಅಲೆದಾಟ ಕೊಟ್ರಿ.”

ಪ್ರಾಂಶುಪಾಲರೂ ನನ್ನ ಕಡೆ ನೋಡಿದರು. ಹತ್ತು ಎರಡಕ್ಕೂ ಹತ್ತು ಎಂಟಕ್ಕೂ ವ್ಯತ್ಯಾಸ ಕಾಣದವರಿಗೆ ಯಾವ ಪರದೆ ಕೊಟ್ಟರೂ ಏನೂ ಕಾಣುವುದಿಲ್ಲ. ಸಂಘಟಕರು, ಬಹುಮಾನದ ಸಭೆಗೆ ಹೊತ್ತಾಯಿತು, ಹೊರಗೆ ವ್ಯಾನ್ ನಿಂತಿದೆ, ಇಬ್ಬರೂ ಎದ್ದು ಬನ್ನಿ ಎಂದು ಅವಸರ ಮಾಡಿದರು.

ಇಬ್ಬರೂ ಏಳಲಿಲ್ಲ. ಹುಡುಗಿ ತನ್ನ ಕುರ್ಚಿಯನ್ನು ಅವನ ಮಾನಿಟರಿನ ಕಡೆಗೆ ಎಳೆದುಕೊಂಡು, ಕೊನೆಯ ಸುತ್ತನ್ನು ಮತ್ತೆ ಹಾಕು, ನಾನು ಎಡಕ್ಕೆ ಬರುತ್ತೇನೆ ಎಂದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ಅವನು ರೀಪ್ಲೇ ಹಾಕಿ, ಪೆಟ್ಟಿಗೆಗಳ ನಡುವಿನ ಸಂದಿಯ ಮೇಲೆ ಬೆರಳಿಟ್ಟು ತೋರಿಸಿದ. ಪ್ರತಿ ಸಲ ಗುಂಡು ತುಂಬುವಾಗ ಅವಳು ಎಡಕ್ಕೆ ಒಂದು ಹೆಜ್ಜೆ ಸರಿಯುತ್ತಿದ್ದಳಂತೆ. ಅವಳು ಪರದೆಗೆ ಇನ್ನಷ್ಟು ಬಾಗಿದಳು.

ಸಂಘಟಕರು ಇನ್ನೊಂದು ಸಲ ಕರೆದಾಗ ತಿರುಗದೆಯೇ ಹೇಳಿದಳು. “ಒಸಿ ಇರಿ ಸಾರ್. ಇದು ನಾನ್ ಮಾಡಿರೋ ತಪ್ಪು, ನೋಡ್ಕಂಡ್ ಬತ್ತೀನಿ.”